ದೇವನಹಳ್ಳಿಯಿಂದ ಊರೊಳಕ್ಕೆ

ಭೂಗೋಳವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರಿಗೆ ದೂರವೆಂಬ ಮಾತು ಬಹು ಬೇಗ ಎರಡಾಗಿ ಒಡೆಯುತ್ತದೆ. ನಕ್ಷೆಯ ಮೇಲೆ ಅಳತೆಪಟ್ಟಿಯಿಟ್ಟು ಅಳೆಯುವ ದೂರ ಒಂದು. ಕೈಯಲ್ಲಿ ಪೆಟ್ಟಿಗೆ ಹಿಡಿದು ನಿಂತ ಮನುಷ್ಯನಿಗೆ ತಗಲುವ ಹೊತ್ತು ಮತ್ತು ಹಣದ ದೂರ ಇನ್ನೊಂದು. ಮೊದಲನೆಯದು ಬದಲಾಗುವುದಿಲ್ಲ. ಎರಡನೆಯದಾದರೋ ಆಳಿನಿಂದ ಆಳಿಗೆ, ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. ಬೆಂಗಳೂರಿನಲ್ಲಿ ಈ ಎರಡು ದೂರಗಳ ನಡುವಣ ಅಂತರವನ್ನು ಕಾಣಬೇಕಾದರೆ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಊರೊಳಕ್ಕೆ ಬರುವ ದಾರಿಗಿಂತ ಒಳ್ಳೆಯ ಪಾಠ ಬೇರೊಂದಿಲ್ಲ. ಆ ದಾರಿಯನ್ನು ಕುರಿತು ನಾನು ಕೇಳಿ, ಓದಿ, ಓಡಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಕವನಗಳಿಗೂ ಪ್ರಬಂಧಗಳಿಗೂ ಕೊರತೆಯಿಲ್ಲವಾದುದರಿಂದ, ಒಂದು ರಸ್ತೆಗೆ ಕೆಲವು ಪುಟ ಬಿಟ್ಟುಕೊಟ್ಟರೆ ವಾಚಕರು ಬೇಸರಿಸಲಾರರೆಂದು ನಂಬಿದ್ದೇನೆ.

ಮೊದಲು ಕೇಳಬೇಕಾದ ಪ್ರಶ್ನೆ: ಊರೊಳಕ್ಕೆ ಎಂದರೆ ಎಲ್ಲಿಗೆ? ಹೊಸಬನಿಗೆ ಇದು ಸುಲಭವಾದ ಪ್ರಶ್ನೆಯಂತೆ ತೋರುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದವರು ಮಾತ್ರ ತಡವರಿಸುತ್ತಾರೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಗೆ ಚಿಕ್ಕಪೇಟೆ, ದೊಡ್ಡಪೇಟೆಗಳು ಕೂಡುವ ಚೌಕವೇ ನಡುವಾಗಿತ್ತು. 1809ರಲ್ಲಿ ಬ್ರಿಟಿಷರ ದಂಡು ಬಂದು ಹಲಸೂರಿನ ಕಡೆ ನೆಲೆಸಿದ ಮೇಲೆ ಊರಿಗೆ ಎರಡು ನಡುಗಳಾದವು. ಈ ಎರಡರಲ್ಲಿ ಯಾವುದೂ ಅಲ್ಲದ ಮೆಜೆಸ್ಟಿಕ್ಕು, ಒಂದು ಚಿತ್ರಮಂದಿರದ ಹೆಸರನ್ನು ಹೊತ್ತುಕೊಂಡು, ಧರ್ಮಾಂಬುಧಿ ಕೆರೆಯ ಅಂಗಳದ ಮೇಲೆ ಬಸ್ಸು ನಿಲ್ದಾಣ ಕಟ್ಟಿಸಿಕೊಂಡು, ಎಲ್ಲರ ನಡುವಾಗಿ ಕೂತಿದೆ. ಇಂದು ಪರಸ್ಥಳದವರು ಬೆಂಗಳೂರಿಗೆ ಬಂದೆನೆಂದು ಹೇಳಬೇಕಾದರೆ ಮೆಜೆಸ್ಟಿಕ್ಕಿನಲ್ಲಿ ಕಾಲಿಟ್ಟಿರಬೇಕು. ಆದರೆ ನಾನು ಇರುವ ರಾಜಗೋಪಾಲನಗರದವರಿಗೆ ಊರಿನ ನಡುವೆ ಎಂಬುದು ಬೇರೆಯೇ ಒಂದು ಜಾಗ. ಪೀಣ್ಯ ಎರಡನೆಯ ಹಂತದ ಮಗ್ಗುಲಿಗೆ, ಲಗ್ಗೆರೆ, ಹೆಗ್ಗನಹಳ್ಳಿಗಳ ನೆರೆಯಲ್ಲಿ ನಮ್ಮ ಬಡಾವಣೆ. ತುಮಕೂರು, ಹಾಸನ, ಕೊಪ್ಪಳ, ರಾಯಚೂರುಗಳಿಂದ ಬಂದು ಕಾರ್ಖಾನೆ, ಗಾರ್ಮೆಂಟ್ಸುಗಳಲ್ಲಿ ದುಡಿಯುವವರೇ ಇಲ್ಲಿ ಹೆಚ್ಚು. ನಮಗೆ ಗೊರಗುಂಟೆಪಾಳ್ಯದ ಕೂಡುರಸ್ತೆಯೇ ಲೋಕದ ಬಾಗಿಲು. ಆದ್ದರಿಂದ ಈ ಲೇಖನದಲ್ಲಿ ದಾರಿ ಮೆಜೆಸ್ಟಿಕ್ಕಿಗೂ ಹೋಗುತ್ತದೆ, ನಮ್ಮ ಮನೆಗೂ ಬರುತ್ತದೆ.

ಹೊಸಬರು ಇಳಿಯುವ ಜಾಗ ಊರ ಹೊರಗಿರುವುದು ಬೆಂಗಳೂರಿಗೆ ಹೊಸದೇನಲ್ಲ. 1864ರಲ್ಲಿ ಜೋಲಾರಪೇಟೆಯಿಂದ ಬಂದ ಮೊದಲ ರೈಲು ಬಂದು ನಿಂತದ್ದು ದಂಡಿನಲ್ಲಿ. ಪೇಟೆಯ ಕಡೆಯವರಿಗೆ ಅಲ್ಲಿಂದ ಇನ್ನೂ ಪ್ರಯಾಣ ಉಳಿದೇ ಇತ್ತು. ಮೈಸೂರಿನ ಕಡೆಗೆ ಮೀಟರ್‌ಗೇಜ್ ದಾರಿ ಸಾಗಿ 1882ರಲ್ಲಿ ಮೈಸೂರು ಮುಟ್ಟಿತು. ಪೇಟೆಯ ಪಕ್ಕದಲ್ಲಿ ಆ ದಾರಿಯ ಮೇಲೆ ಬೆಳೆದ ಸ್ಟೇಷನ್ನೇ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಪಡೆದಿದೆ. ವಿಮಾನದ ಕಥೆಯೂ ಹೆಚ್ಚು ಕಡಮೆ ಹೀಗೆಯೇ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹಿರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಆ ಕಾರ್ಖಾನೆಯ ಓಡುಹಾದಿಯೇ ಮುಂದೆ ಪ್ರಯಾಣಿಕರ ವಿಮಾನಗಳಿಗೂ ನೆಲೆಯಾಯಿತು. ಎಚ್.ಎ.ಎಲ್. ನಿಲ್ದಾಣವೆಂದು ಹೆಸರಾದ ಆ ಜಾಗ ಕಟ್ಟಿದಾಗ ಊರ ಹೊರಗಿತ್ತು. ಊರೇ ಬೆಳೆದು ಅದನ್ನು ನುಂಗಿತು. ಅಲ್ಲಿಂದ ಮಹಾತ್ಮಾ ಗಾಂಧಿ ರಸ್ತೆಗೆ ಆಟೋದಲ್ಲಿ ಬರುತ್ತಿದ್ದ ಕಾಲವನ್ನು ನಮ್ಮ ಅಧ್ಯಾಪಕರು ಈಗಲೂ ನೆನೆಸಿಕೊಳ್ಳುತ್ತಾರೆ.

ಆ ಸುಖ 2008ರ ಮೇ 24ರಂದು ಮುಗಿಯಿತು. ಅಂದಿನಿಂದ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಯ ಬಳಿ ಸುಮಾರು 4,000 ಎಕರೆಯ ಹೊಸ ನಿಲ್ದಾಣದಲ್ಲಿ ಇಳಿಯತೊಡಗಿದವು. ಹಳೆಯ ನಿಲ್ದಾಣವನ್ನೂ ಉಳಿಸಿಕೊಳ್ಳಬಾರದಿತ್ತೇ ಎಂದು ಕೇಳಿದವರು ಆಗಲೂ ಇದ್ದರು. ಆ ವರ್ಷದ ಮಾರ್ಚಿಯಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರರು ಬೆಂಗಳೂರು, ಹೈದರಾಬಾದುಗಳ ಹಳೆಯ ನಿಲ್ದಾಣಗಳನ್ನು ಮುಚ್ಚಕೂಡದೆಂದು ದೇಶದಾದ್ಯಂತ ಮುಷ್ಕರ ಹೂಡಿದರು. ಆದರೆ ಹೊಸ ನಿಲ್ದಾಣ ಕಟ್ಟಿದ ಸಂಸ್ಥೆಯೊಡನೆ 2004ರಲ್ಲಿ ಆದ ಒಪ್ಪಂದ ಗಟ್ಟಿಯಾಗಿತ್ತು: ನಿಲ್ದಾಣ ತೆರೆದ ಮೇಲೆ 25 ವರ್ಷಗಳವರೆಗೆ 150 ಕಿಲೋಮೀಟರಿನ ಒಳಗೆ ಪೈಪೋಟಿಗೆ ಬೇರೆ ವಿಮಾನ ನಿಲ್ದಾಣ ಇರಕೂಡದು. ಹಣ ಹೂಡುವವನು ಇಂಥ ಭರವಸೆ ಕೇಳುವುದು ಸಹಜ. ಆದರೆ ಈ ಒಂದು ವಾಕ್ಯದ ಪರಿಣಾಮವನ್ನು ಸರಿಯಾಗಿ ತಿಳಿಯಬೇಕಾದರೆ ಕೆನಡಾ ದೇಶದ ಮಾಂಟ್ರಿಯಲ್ ನಗರದ ಕಡೆ ಒಮ್ಮೆ ನೋಡಿಬರಬೇಕು.

ಅಲ್ಲಿಯೂ 1975ರಲ್ಲಿ ಊರಿನಿಂದ ಬಹು ದೂರ ಮಿರಾಬೆಲ್ ಎಂಬಲ್ಲಿ ಭಾರಿ ನಿಲ್ದಾಣ ಕಟ್ಟಿದರು. ಅಲ್ಲಿಗೆ ಹೋಗಲು ಯೋಚಿಸಿದ್ದ ರೈಲು ದಾರಿ ಬರಲೇ ಇಲ್ಲ, ಹೆದ್ದಾರಿಯೂ ಪೂರ್ತಿಯಾಗಲಿಲ್ಲ. ಊರಿಗೆ ಸಮೀಪದ ಹಳೆಯ ಡೋರ್ವಾಲ್ ನಿಲ್ದಾಣ ತೆರೆದೇ ಇದ್ದುದರಿಂದ ಜನ ಅದನ್ನೇ ಮೆಚ್ಚಿದರು. 2004ರಲ್ಲಿ ಮಿರಾಬೆಲ್ ತನ್ನ ಕೊನೆಯ ಪ್ರಯಾಣಿಕರನ್ನು ಕಳುಹಿಸಿಕೊಟ್ಟು ಬಾಗಿಲು ಹಾಕಿಕೊಂಡಿತು. ದಾರಿ ಮಾಡದೆ ದೂರ ಹೋದ ತಪ್ಪಿಗೆ ನಿಲ್ದಾಣವೇ ದಂಡ ತೆತ್ತಿತು. ಬೆಂಗಳೂರಿನಲ್ಲಿ ಜನಕ್ಕೆ ಡೋರ್ವಾಲ್ ಉಳಿಯಲಿಲ್ಲ. ದೇವನಹಳ್ಳಿ ದಿನದಿಂದ ದಿನಕ್ಕೆ ಬೆಳೆಯಿತು. 2013ರಲ್ಲಿ ಕೆಂಪೇಗೌಡರ ಹೆಸರು ಪಡೆಯಿತು. 2022ರ ನವೆಂಬರಿನಲ್ಲಿ ಎರಡನೆಯ ಟರ್ಮಿನಲ್ಲನ್ನೂ 108 ಅಡಿಯ ಕೆಂಪೇಗೌಡರ ಪ್ರತಿಮೆಯನ್ನೂ ಕಂಡಿತು. (ಕೆಂಪೇಗೌಡರ ಪೂರ್ವಿಕರು ನೆಲೆಸಿದ್ದ ಆವತಿ ಇದೇ ದೇವನಹಳ್ಳಿ ತಾಲ್ಲೂಕಿನದು, ಆ ಮಟ್ಟಿಗೆ ಗೌಡರು ತಮ್ಮ ಹಳೆಯ ಸೀಮೆಗೇ ಮರಳಿದರೆನ್ನಬಹುದು.) ದೂರದ ದಂಡ ತಪ್ಪಲಿಲ್ಲ; ಅದನ್ನು ತೆರುವವರು ಬೇರೆಯಾದರು. ನಿಲ್ದಾಣದ ಬದಲು ಪ್ರಯಾಣಿಕ ತೆರುತ್ತಿದ್ದಾನೆ. ಪ್ರಯಾಣಿಕರಲ್ಲಿಯೂ ಸ್ವಂತ ಗಾಡಿಯಿಲ್ಲದವನು ಹೆಚ್ಚಾಗಿ ತೆರುತ್ತಿದ್ದಾನೆ. ಈ ದಾರಿಯನ್ನು ಕುರಿತು ನಾನು ಹೇಳಬೇಕೆಂದಿರುವುದು ಇದನ್ನೇ.

ಈಗ ದಾರಿಗೆ ಬರೋಣ. ನಿಲ್ದಾಣದಿಂದ ಮೆಜೆಸ್ಟಿಕ್ಕಿಗೆ ಸುಮಾರು 35 ಕಿಲೋಮೀಟರು, ಹಳೆಯ ಲೆಕ್ಕದಲ್ಲಿ 22 ಮೈಲಿ. ಬಳ್ಳಾರಿ ರಸ್ತೆ ಹಿಡಿದು ಸಾದಹಳ್ಳಿ, ಚಿಕ್ಕಜಾಲ, ಹುಣಸಮಾರನಹಳ್ಳಿ ದಾಟಿ, ಯಲಹಂಕವನ್ನು ಪಕ್ಕಕ್ಕೆ ಬಿಟ್ಟು, ಜಕ್ಕೂರಿನ ಮೇಲೆ ಹಾದು ಹೆಬ್ಬಾಳಕ್ಕೆ ಬರಬೇಕು. ಸಾದಹಳ್ಳಿಯಲ್ಲಿ ಸುಂಕದ ಕಟ್ಟೆಯುಂಟು. ನಮ್ಮ ರಾಜಗೋಪಾಲನಗರದ ಹತ್ತಿರ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯೆಂಬ ಊರೇ ಇದೆ. ಹೆಸರು ಉಳಿದು ಸುಂಕ ಹೋಯಿತು; ಇಲ್ಲಿ ಹೆಸರಿಲ್ಲದೆ ಸುಂಕ ಬಂದಿದೆ. ಹೆಬ್ಬಾಳದವರೆಗಿನ ಮೇಲ್ಸೇತುವೆಯ ರಸ್ತೆ ಅಗಲವಾಗಿ, ತಡೆಯಿಲ್ಲದೆ ಸಾಗುತ್ತದೆ. ಬೆಳಗಿನ ಜಾವವಾದರೆ ಅರ್ಧ ಗಂಟೆಯೊಳಗೆ ಹೆಬ್ಬಾಳ ಬಂದೇಬಿಟ್ಟಿತು. ಆಗ ಹೊಸಬ, ದೂರ ದೂರವೆಂದು ಇವರೆಲ್ಲ ಏಕೆ ಗೋಳಾಡುತ್ತಾರೆ ಎಂದುಕೊಳ್ಳುತ್ತಾನೆ. ಅದೇ ಮನುಷ್ಯ ಸಂಜೆ ಆರಕ್ಕೆ ಬರಲಿ. ಹೆಬ್ಬಾಳದಲ್ಲಿ ಅವನ ಅಭಿಪ್ರಾಯ ಬದಲಾಗುತ್ತದೆ.

ಹೆಬ್ಬಾಳ ಈ ದಾರಿಯ ಗಂಟಲು. ಉತ್ತರದಿಂದ ಬರುವ ಬಳ್ಳಾರಿ ರಸ್ತೆಗೆ ಪೂರ್ವ ಪಶ್ಚಿಮಗಳಿಂದ ಹೊರವರ್ತುಲ ರಸ್ತೆ ಇಲ್ಲಿ ಬಂದು ಕೂಡುತ್ತದೆ. ಪಕ್ಕದಲ್ಲಿ ರೈಲು ದಾರಿ, ಇನ್ನೊಂದು ಪಕ್ಕದಲ್ಲಿ ಕೆರೆ. ಹಿಗ್ಗಲು ಜಾಗವಿಲ್ಲ. 2003ರಲ್ಲಿ ಇಲ್ಲಿ ಮೇಲ್ಸೇತುವೆ ತೆರೆದಾಗ ದೇವನಹಳ್ಳಿಯ ನಿಲ್ದಾಣ ಇನ್ನೂ ಕಾಗದದ ಮೇಲಿತ್ತು. ಆಮೇಲೆ ನಿಲ್ದಾಣ ಬಂತು. ಸೇತುವೆಗೆ ಹೊಸ ಹೊಸ ಕವಲುಗಳನ್ನು ಅಂಟಿಸುವುದು ಇಂದಿಗೂ ಮುಗಿದಿಲ್ಲ. ಈ ಗಂಟಲಿಗೆ ಔಷಧವೆಂದು 2016ರಲ್ಲಿ ಸರ್ಕಾರ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರಿನ ಉಕ್ಕಿನ ಮೇಲ್ಸೇತುವೆಯೊಂದನ್ನು ಕಟ್ಟಹೊರಟಿತು. ಖರ್ಚು 1,791 ಕೋಟಿ ರೂಪಾಯಿ. ಕಡಿಯಬೇಕಾದ ಮರಗಳು 812. ಆ ಅಕ್ಟೋಬರಿನಲ್ಲಿ ಸಾವಿರಾರು ಮಂದಿ ರಸ್ತೆಯ ಬದಿಯಲ್ಲಿ ಕೈಗೆ ಕೈ ಹಿಡಿದು ಸರಪಳಿಯಾಗಿ ನಿಂತು ಬೇಡವೆಂದರು. 2017ರ ಮಾರ್ಚಿಯಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮರಗಳ ಮಾತು ಆಗ ಎಲ್ಲರ ಬಾಯಲ್ಲಿಯೂ ಇತ್ತು, ಇರಬೇಕಾದದ್ದೇ. ನನಗೆ ತೋರುವ ಇನ್ನೊಂದು ಆಕ್ಷೇಪಣೆಯೆಂದರೆ, ಅಷ್ಟು ಹಣದ ಸೇತುವೆಯೂ ಮುಖ್ಯವಾಗಿ ಕಾರಿನಲ್ಲಿ ಕುಳಿತವರ ಹೊತ್ತನ್ನು ಉಳಿಸುವುದಕ್ಕಾಗಿಯೇ ಎಂಬುದು.

ಹೆಬ್ಬಾಳದ ಹೆಸರೆತ್ತಿದಾಗ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇಲ್ಲಿ ದೊರೆತಿರುವ ಕ್ರಿ.ಶ. ಸುಮಾರು 750ರ ಕನ್ನಡ ವೀರಗಲ್ಲು, ಗಂಗರ ಶ್ರೀಪುರುಷನ ಕಾಲದ್ದು, ಕಿತ್ತಯ್ಯನೆಂಬವನು ಕಾದಿ ಮಡಿದುದನ್ನು ಹೇಳುತ್ತದೆ. ಹನ್ನೆರಡು ಶತಮಾನಗಳ ಹಿಂದೆಯೂ ಹೆಬ್ಬಾಳದಲ್ಲಿ ಹೊರಗಿನವರು ಸಲೀಸಾಗಿ ಒಳಬರುವಂತಿರಲಿಲ್ಲವೆಂದಾಯಿತು!

ಬಸ್ಸಿನ ವಿಚಾರ. ನಿಲ್ದಾಣ ತೆರೆದಂದಿನಿಂದಲೂ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ವಾಯುವಜ್ರವೆಂಬ ಹವಾನಿಯಂತ್ರಿತ ಬಸ್ಸುಗಳನ್ನು ಓಡಿಸುತ್ತಿದೆ. ಹಣೆಯ ಮೇಲೆ ಕೆ.ಐ.ಎ. ಎಂದು ಬರೆದು ಮುಂದೆ ಅಂಕಿ ಹಾಕಿರುತ್ತಾರೆ. 9ನೆಯ ಸಂಖ್ಯೆಯದು ಮೆಜೆಸ್ಟಿಕ್ಕಿಗೆ, 8ನೆಯದು ಎಲೆಕ್ಟ್ರಾನಿಕ್ ಸಿಟಿಗೆ. ಹೀಗೆ ಊರಿನ ಬೇರೆ ಬೇರೆ ಮೂಲೆಗಳಿಗೆ ಬೇರೆ ಬೇರೆ ಸಂಖ್ಯೆಗಳು. ಸಾಮಾನಿಡಲು ಒಳಗೇ ಕಟಕಟೆಯುಂಟು. ಟಿಕೇಟು ಹಂತಗಳ ಮೇಲೆ ನಿಗದಿಯಾಗುವುದರಿಂದ ಹೆಬ್ಬಾಳದಲ್ಲಿ ಇಳಿಯುವವನು ಮೆಜೆಸ್ಟಿಕ್ಕಿಗೆ ಹೋಗುವವನಷ್ಟು ಕೊಡಬೇಕಾದದ್ದಿಲ್ಲ. ಒಬ್ಬನೇ ಬರುವ ಹೊಸಬನಿಗೆ ನನ್ನ ಸಲಹೆ ಒಂದೇ: ಟ್ಯಾಕ್ಸಿಯ ಸಾಲಿಗೆ ಹೋಗುವ ಮುಂಚೆ ಈ ಬಸ್ಸನ್ನು ನೋಡು. ಟ್ಯಾಕ್ಸಿಗೆ ಕೊಡುವ ಹಣದ ಒಂದು ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ರಸ್ತೆಯ ಒತ್ತಡ ಇಬ್ಬರಿಗೂ ಒಂದೇ ಆದುದರಿಂದ ಹೊತ್ತಿನಲ್ಲಿ ನಷ್ಟವೂ ಹೆಚ್ಚಿಲ್ಲ. ನಾಲ್ವರ ಕುಟುಂಬವಾದರೆ ಲೆಕ್ಕ ತಿರುಗುತ್ತದೆ; ಆಗ ಟ್ಯಾಕ್ಸಿಯೇ ಮೇಲು. ಮೈಸೂರಿಗೆ ಹೋಗುವವನಂತೂ ಊರೊಳಕ್ಕೆ ಕಾಲಿಡಬೇಕಾಗಿಯೇ ಇಲ್ಲ. ರಾಜ್ಯ ಸಾರಿಗೆಯ ಫ್ಲೈಬಸ್ಸು ನಿಲ್ದಾಣದಿಂದಲೇ ಹೊರಡುತ್ತದೆ.

ಇಷ್ಟನ್ನು ಬರೆದರೆ ಬಸ್ಸಿನ ಪ್ರಕರಣ ಮುಗಿಯಿತೆನ್ನಬಹುದಾಗಿತ್ತು. ಆದರೆ ನಮ್ಮ ಮನೆಯ ಮಹಡಿಯ ಮೇಲೆ ಬಾಡಿಗೆಗಿರುವ ಅಕ್ಕನೊಬ್ಬರು ಈ ಲೆಕ್ಕಕ್ಕೆ ಇನ್ನೊಂದು ಅಂಕಣ ಸೇರಿಸಿದರು. ಆಕೆ ಕೊಪ್ಪಳದ ಕಡೆಯವರು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆಯ ಕೆಲಸ. ಗಂಡ ಕೊಲ್ಲಿಯ ದೇಶದಲ್ಲಿ ವೈರಿಂಗ್ ಕೆಲಸ ಮಾಡುತ್ತಾ ಮೂರು ವರ್ಷವಾಗಿತ್ತು, ಊರಿಗೆ ಬರುವವರಿದ್ದರು. ಕೊಲ್ಲಿಯ ವಿಮಾನಗಳು ಹಲವು ನಡುರಾತ್ರಿಯ ನಂತರವೇ ಇಳಿಯುತ್ತವೆ. ಇವರದು ಬೆಳಗಿನ ಜಾವ ಮೂರೂವರೆಗೆ.

“ತಮ್ಮಾ, ನಾನೂ ಹೋಗಿ ಕರ್ಕೊಂಡು ಬರಬೇಕಂತೀನಿ. ನಮ್ಮ ಹುಡುಗ ಅಪ್ಪನ ಮುಖಾನೇ ಮರ್ತಾನ. ಅಲ್ಲಿಗಿ ನಮ್ಮ ಫ್ರೀ ಬಸ್ಸು ಹೋಗ್ತದೇನು?” ಎಂದು ಕೇಳಿದರು.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರಿಗೆ ಸಾಧಾರಣ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲ. ಆಕೆ ಕೊಪ್ಪಳದವರೆಗೂ ಹಾಗೆ ಹೋಗಿಬಂದವರು. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ಶೂನ್ಯ ಟಿಕೇಟಿನಲ್ಲಿ ಹೋಗಿಬಂದವರಿಗೆ ನಲವತ್ತು ಕಿಲೋಮೀಟರಿನ ವಿಮಾನ ನಿಲ್ದಾಣ ಹೇಗೆ ದೂರವಾಯಿತೆಂದು ನಾನು ವಿವರಿಸಬೇಕಾಯಿತು. ಹವಾನಿಯಂತ್ರಿತ ಬಸ್ಸುಗಳಿಗೆ ಯೋಜನೆ ಅನ್ವಯಿಸದು, ವಾಯುವಜ್ರ ಅಂಥದು. ದೇವನಹಳ್ಳಿಗೆ ಹೋಗುವ ಸಾಧಾರಣ ಬಸ್ಸುಗಳು ಧಾರಾಳವಾಗಿವೆ, ನಿಜ. ಆದರೆ ಅವು ಹೆದ್ದಾರಿ ಬಿಟ್ಟು ಒಳಗೆ ತಿರುಗುವುದಿಲ್ಲ. ನಿಲ್ದಾಣದ ತಿರುವಿನಲ್ಲಿ ಇಳಿದವರಿಗೆ ಬಾಗಿಲು ಮುಟ್ಟಲು ಇನ್ನೂ ಕೆಲವು ಕಿಲೋಮೀಟರು ಉಳಿಯುತ್ತದೆ. ಮಗುವನ್ನು ಕಟ್ಟಿಕೊಂಡು ನಡುರಾತ್ರಿ ಅಲ್ಲಿ ನಡೆಯುವ ಮಾತಿಲ್ಲ. ಟ್ಯಾಕ್ಸಿಯ ಹೋಗುಬರುವಿನ ಖರ್ಚು ಹೇಳಿದಾಗ ಆಕೆ ಬೆರಳು ಮಡಿಸಿ ಎಣಿಸಿದ್ದು ರೂಪಾಯಿಗಳನ್ನಲ್ಲ, ಹೊಲಿಗೆಯ ದಿನಗಳನ್ನು. ನಾನು ಮೊದಲ ಪುಟದಲ್ಲಿ ಹೇಳಿದ ಎರಡನೆಯ ದೂರದ ಅಳತೆಪಟ್ಟಿ ಅದೇ.

ಕೊನೆಗೆ ಗೊತ್ತಾದ ಏರ್ಪಾಡು ಇದು. ರಾತ್ರಿ ಕೊನೆಯ ಸಾಧಾರಣ ಬಸ್ಸುಗಳು ಇರುವಾಗಲೇ ಗೊರಗುಂಟೆಪಾಳ್ಯಕ್ಕೂ ಅಲ್ಲಿಂದ ವರ್ತುಲ ರಸ್ತೆಯಲ್ಲಿ ಹೆಬ್ಬಾಳಕ್ಕೂ ಶೂನ್ಯ ಟಿಕೇಟಿನಲ್ಲಿ ಹೋಗುವುದು. ಹೆಬ್ಬಾಳದಿಂದ ಮಾತ್ರ ವಾಯುವಜ್ರ ಹತ್ತುವುದು. ಜೊತೆಗೆ ನಮ್ಮ ತಾಯಿ ಹೊರಟರು. ಸಾಮಾನು ಹೊರಲು ನಾನು. ನಿಲ್ದಾಣದ ಹೊರಗೆ ಕಲ್ಲಿನ ಆಸನದ ಮೇಲೆ ಹುಡುಗ ನಿದ್ದೆಹೋದ. ಭಾವನವರಿಗೆ ಮುದ್ರೆ, ಪೆಟ್ಟಿಗೆ, ತಪಾಸಣೆಗಳೆಲ್ಲ ಮುಗಿದು ಹೊರಗೆ ಬರುವಾಗ ಐದು ಗಂಟೆ. ಹುಡುಗ ಎದ್ದು ನೋಡಿ, ತಾಯಿಯ ಸೆರಗಿನ ಹಿಂದೆ ನಿಂತ. ಬೆಳಕು ಹರಿಯುವ ಹೊತ್ತಿಗೆ ಹೆಬ್ಬಾಳದಲ್ಲಿ ಇಳಿದು, ಅಕ್ಕ ಮತ್ತೆ ಶೂನ್ಯ ಟಿಕೇಟಿನವರಾದರು. ಗಂಡ ಮಾತ್ರ ಹಣ ಕೊಟ್ಟರು. ಮೂರು ವರ್ಷ ದೇಶದಲ್ಲಿ ಇಲ್ಲದಿದ್ದವರಿಗೆ ಈ ವ್ಯವಸ್ಥೆ ಬಹಳ ಸೋಜಿಗವಾಗಿ ಕಂಡಿತು.

ಇನ್ನು ರೈಲು. ಅಗ್ಗದಲ್ಲಿ ಇದನ್ನು ಮೀರಿಸುವುದಿಲ್ಲ. ಬೇಸರದ ಕಥೆಯೂ ಇದರದೇ. ಯಲಹಂಕದಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ, 1915ರಲ್ಲಿ, ಕಿರುಗಂಬಿಯ ರೈಲು ಬಂದಿತ್ತು. ವಿಮಾನ ನಿಲ್ದಾಣಕ್ಕೆ ಜಾಗ ಗೊತ್ತುಮಾಡುವಾಗ ಆ ದಾರಿ ಪಕ್ಕದಲ್ಲಿಯೇ ಇತ್ತು. ಕಂಬಿ ಅಗಲವಾಯಿತು, ವಿಮಾನಗಳು ಇಳಿದವು, ಆದರೆ ರೈಲು ಅಲ್ಲಿ ನಿಲ್ಲಲಿಲ್ಲ. ಊರ ನಡುವಿನಿಂದ ಅತಿವೇಗದ ಪ್ರತ್ಯೇಕ ರೈಲು ಮಾಡುವುದಾಗಿ ಒಂದು ಯೋಜನೆ ಹೊರಟು, ಖರ್ಚಿನ ಭಾರಕ್ಕೆ ಬಿದ್ದುಹೋಯಿತು. ಇದ್ದ ಕಂಬಿಯ ಮೇಲೆ ಒಂದು ಚಿಕ್ಕ ತಂಗುದಾಣ ಬಂದದ್ದು 2021ರ ಜನವರಿ 4ರಂದು. ನಿಲ್ದಾಣ ತೆರೆದ ಹನ್ನೆರಡೂವರೆ ವರ್ಷಗಳ ಮೇಲೆ. ಆಗ ಊರಿನಿಂದ ಟಿಕೇಟು ಹತ್ತು ಹದಿನೈದು ರೂಪಾಯಿ! ಪತ್ರಿಕೆಗಳು ಕೊಂಡಾಡಿದವು. ಆದರೆ ತಂಗುದಾಣದಿಂದ ಟರ್ಮಿನಲ್ಲಿಗೆ ಇನ್ನೂ ಮೂರು ನಾಲ್ಕು ಕಿಲೋಮೀಟರು, ಬಸ್ಸು ಹಿಡಿಯಬೇಕು. ಹೋಗಿಬರುವ ಗಾಡಿಗಳೋ ಕೆಲವೇ ಕೆಲವು. ಅವುಗಳ ವೇಳೆ ಅಲ್ಲಿ ಕೆಲಸಕ್ಕೆ ಹೋಗುವವರಿಗೆ ಹೊಂದಬಹುದೇ ಹೊರತು, ಎಲ್ಲಿಂದಲೋ ಹಾರಿ ಬಂದವನು ಗಡಿಯಾರ ನೋಡಿಕೊಂಡು ಕಾಯುವಂಥದಲ್ಲ.

ಇದಕ್ಕೆ ನಾವೇ ಮೊದಲಿಗರಲ್ಲವೆಂಬ ಸಮಾಧಾನ ಬೇಕಾದವರಿಗೆ ಜಪಾನಿನ ಉದಾಹರಣೆ ಉಂಟು. ಟೋಕಿಯೋದಿಂದ ಸುಮಾರು 60 ಕಿಲೋಮೀಟರು ದೂರದ ನರಿತಾ ನಿಲ್ದಾಣ 1978ರಲ್ಲಿ ತೆರೆಯಿತು. ಅಲ್ಲಿಗೆ ಕೇಯ್‌ಸೇಯ್ ಕಂಪನಿಯ ರೈಲು ಮೊದಲ ದಿನಗಳಿಂದಲೇ ಇತ್ತು. ಆದರೆ ಅದರ ಸ್ಟೇಷನ್ನು ಟರ್ಮಿನಲ್ಲಿನಿಂದ ಆಚೆ. ಇಳಿದವರು ಮತ್ತೆ ಬಸ್ಸು ಹತ್ತಬೇಕಾಗಿತ್ತು, ನಮ್ಮ ದೇವನಹಳ್ಳಿಯಂತೆಯೇ. ಸರ್ಕಾರದ ಅತಿವೇಗದ ಶಿಂಕನ್‌ಸೆನ್ ದಾರಿ ಅರ್ಧಕ್ಕೆ ನಿಂತು, ನೆಲದಡಿ ಕಟ್ಟಿದ್ದ ಅದರ ಸ್ಟೇಷನ್ನು ಖಾಲಿ ಬಿದ್ದಿತ್ತು. 1991ರಲ್ಲಿ ಆ ಖಾಲಿ ಸ್ಟೇಷನ್ನಿಗೇ ಸಾಧಾರಣ ರೈಲುಗಳನ್ನು ತಂದು ನಿಲ್ಲಿಸಿದರು. ಅಂದಿನಿಂದ ಪ್ರಯಾಣಿಕ ಟರ್ಮಿನಲ್ಲಿನ ಕೆಳಗೇ ಗಾಡಿ ಹತ್ತುತ್ತಾನೆ. ಮೂರು ನಾಲ್ಕು ಕಿಲೋಮೀಟರು ನಕ್ಷೆಯ ಮೇಲೆ ಏನೂ ಅಲ್ಲ. ಪೆಟ್ಟಿಗೆ ಹಿಡಿದವನಿಗೆ ಅದೇ ಎಲ್ಲ. ಅದನ್ನು ಜಪಾನಿನವರು ತಿದ್ದಿಕೊಳ್ಳಲು ಹದಿಮೂರು ವರ್ಷ ಹಿಡಿಯಿತು. ದೆಹಲಿಯ ನಿಲ್ದಾಣಕ್ಕೆ 2011ರಲ್ಲಿಯೂ ಚೆನ್ನೈಯದಕ್ಕೆ 2016ರಲ್ಲಿಯೂ ಮೆಟ್ರೋ ಬಂದಿತು. ಬೆಂಗಳೂರಿನ ಮೆಟ್ರೋದ ನೀಲಿ ಮಾರ್ಗವನ್ನು ಕೃಷ್ಣರಾಜಪುರದಿಂದ ಹೆಬ್ಬಾಳದ ಮೇಲೆ ನಿಲ್ದಾಣಕ್ಕೆ ಒಯ್ಯಲು ಕೇಂದ್ರ ಸಚಿವ ಸಂಪುಟ 2021ರ ಏಪ್ರಿಲಿನಲ್ಲಿ ಒಪ್ಪಿಗೆ ಕೊಟ್ಟಿತು. ಬಳ್ಳಾರಿ ರಸ್ತೆಯ ಬದಿಗೆ ಕಂಬಗಳು ಎದ್ದಿವೆ. ಉಪನಗರ ರೈಲಿನ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕವೆಂದು ಹೂವಿನ ಹೆಸರಿಟ್ಟು 2022ರ ಜೂನಿನಲ್ಲಿ ಶಂಕುಸ್ಥಾಪನೆಯಾಯಿತು. ಅವುಗಳಲ್ಲಿ ಸಂಪಿಗೆ ದೇವನಹಳ್ಳಿಯ ಕಡೆಗೆ ಹೋಗುವಂಥದು. ಕೆಲಸ ಮೊದಲು ಹತ್ತಿದ್ದು ಚಿಕ್ಕಬಾಣಾವರದ ಕಡೆಯ ಮಲ್ಲಿಗೆಗೆ. ನಮ್ಮ ಪೀಣ್ಯದ ಉತ್ತರಕ್ಕೆ ಅದು ಹಾಯುವುದರಿಂದ ನಾನು ದೂರಲಾರೆ.

ರಾಜಗೋಪಾಲನಗರಕ್ಕೆ ನೇರವಾಗಿ ಬರುವ ಹೊಸಬನಿಗೆ ಈಗ ಕೆಲವು ಮಾತು. ಇಂಥವರು ಇಲ್ಲವೆಂದುಕೊಳ್ಳಬೇಡಿ. 1970ರ ದಶಕದಲ್ಲಿ ಕೈಗಾರಿಕಾ ವಸಾಹತಾದ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ, ಅಚ್ಚು, ಸಿದ್ಧ ಉಡುಪುಗಳ ಸಾವಿರಾರು ಘಟಕಗಳಿವೆ; ಸರಕು ನೋಡಲು ದೂರದೇಶದಿಂದ ವ್ಯಾಪಾರಿಗಳು ಬರುತ್ತಾರೆ, ಯಂತ್ರ ಜೋಡಿಸಲು ಪರರಾಜ್ಯದ ಮೇಸ್ತ್ರಿಗಳು ಬರುತ್ತಾರೆ. ಇವರು ಯಾರೂ ಮೆಜೆಸ್ಟಿಕ್ಕಿಗೆ ಹೋಗಬೇಕಾದದ್ದಿಲ್ಲ. ಹೋದರೆ ಊರ ಒಳಗೆ ಹೊಕ್ಕು ಮತ್ತೆ ಹೊರಗೆ ಬಂದಂತಾಗುತ್ತದೆ. ಹೆಬ್ಬಾಳದಲ್ಲಿ ಬಲಕ್ಕೆ ತಿರುಗಿ ವರ್ತುಲ ರಸ್ತೆ ಹಿಡಿದರೆ ಭದ್ರಪ್ಪ ಬಡಾವಣೆ, ಬಿ.ಇ.ಎಲ್. ವೃತ್ತಗಳ ಮೇಲೆ ಗೊರಗುಂಟೆಪಾಳ್ಯ. ಅಲ್ಲಿ ತುಮಕೂರು ರಸ್ತೆ ದಾಟಿ ಲಗ್ಗೆರೆಯ ಕಡೆಯಿಂದಲೋ, ಪೀಣ್ಯ ಎರಡನೆಯ ಹಂತದ ಕಡೆಯಿಂದಲೋ ನಮ್ಮ ಬಡಾವಣೆ ಸೇರಬಹುದು. ಟ್ಯಾಕ್ಸಿಯವನಿಗೆ ರಾಜಗೋಪಾಲನಗರ ಎಂದರೆ ಒಮ್ಮೊಮ್ಮೆ ರಾಜಾಜಿನಗರಕ್ಕೆ ತಿರುಗುತ್ತಾನೆ. ಪೀಣ್ಯ ಎಂದು ಮೊದಲು ಹೇಳಿ, ಹೆಸರನ್ನು ಆಮೇಲೆ ಹೇಳುವುದು ಲೇಸು.

ರೈಲಿನ ಹೊತ್ತು ಹೊಂದಿಬಂದವನಿಗೆ ಇನ್ನೊಂದು ದಾರಿಯುಂಟು. ನನಗೆ ಇದು ಅಚ್ಚುಮೆಚ್ಚು. ತಂಗುದಾಣದಿಂದ ಯಲಹಂಕ ಜಂಕ್ಷನ್ನಿಗೆ ಬಂದು, ಅಲ್ಲಿಂದ ಯಶವಂತಪುರದ ಗಾಡಿ ಹಿಡಿಯುವುದು. ಯಶವಂತಪುರದಲ್ಲಿ ರೈಲಿನ ಸ್ಟೇಷನ್ನಿಗೂ ಮೆಟ್ರೋ ನಿಲ್ದಾಣಕ್ಕೂ ಹೆಚ್ಚು ದೂರವಿಲ್ಲ. 2014ರ ಮಾರ್ಚ್ 1ರಿಂದ ಹಸಿರು ಮಾರ್ಗದ ಗಾಡಿಗಳು ಈ ಕಡೆ ಓಡುತ್ತಿವೆ. ಗೊರಗುಂಟೆಪಾಳ್ಯ, ಪೀಣ್ಯ ದಾಟಿ ಮೂರನೆಯದೇ ಪೀಣ್ಯ ಇಂಡಸ್ಟ್ರಿ ನಿಲ್ದಾಣ. ಅಲ್ಲಿಂದ ಆಟೋ ಅಥವಾ ಬಸ್ಸು. ಊಟದ ಖರ್ಚಿಗಿಂತ ಕಡಮೆಯಲ್ಲಿ ವಿಮಾನದಿಂದ ಮನೆಗೆ ಬಂದಂತಾಯಿತು. ಆದರೆ ಮೂರು ಕಡೆ ಇಳಿದು ಹತ್ತಬೇಕು. ಭಾವನವರಂತೆ ಎರಡು ಭಾರಿ ಪೆಟ್ಟಿಗೆಯೂ ಒಂದು ಹಗ್ಗ ಕಟ್ಟಿದ ಡಬ್ಬವೂ ಇದ್ದವರಿಗೆ ನಾನು ಇದನ್ನು ಹೇಳುವುದಿಲ್ಲ. ಒಂದು ಚೀಲದವರಿಗೆ, ಹಗಲಲ್ಲಿ ಇಳಿಯುವವರಿಗೆ, ಕಿಟಕಿಯಿಂದ ಹೊಲ, ಕೆರೆಗಳನ್ನು ನೋಡುತ್ತಾ ಬರುವ ಆಸೆಯಿರುವವರಿಗೆ ಹೇಳುತ್ತೇನೆ. ದೇವನಹಳ್ಳಿಯ ಸೀಮೆಯ ಚಕೋತದ ಹಣ್ಣು ಸಿಕ್ಕರೆ ತರಲು ಮರೆಯದಿರಲಿ.

ನಿಲ್ದಾಣವನ್ನು ಕಟ್ಟಿದ ಮಾತ್ರಕ್ಕೆ ಜನ ಬರುವುದಿಲ್ಲವೆಂಬುದಕ್ಕೆ ನಮ್ಮ ಪೀಣ್ಯದಲ್ಲಿಯೇ ಸಾಕ್ಷಿಯುಂಟು. 2014ರಲ್ಲಿ ಇಲ್ಲಿ ಬಸವೇಶ್ವರ ಬಸ್ಸು ನಿಲ್ದಾಣವೆಂಬ ದೊಡ್ಡ ಕಟ್ಟಡ ತೆರೆಯಿತು. ತುಮಕೂರಿನ ಕಡೆಯ ದೂರದ ಬಸ್ಸುಗಳನ್ನು ಇಲ್ಲಿಂದ ಬಿಡುವುದೆಂದು ಉದ್ದೇಶ. ಪ್ರಯಾಣಿಕರಿಗೆ ಮೆಜೆಸ್ಟಿಕ್ಕಿನಿಂದ ಇಲ್ಲಿಗೆ ಬರುವುದೇ ಇನ್ನೊಂದು ಪ್ರಯಾಣವಾಯಿತು. ಕೆಲಕಾಲದಲ್ಲಿಯೇ ಬಸ್ಸುಗಳು ಮೆಜೆಸ್ಟಿಕ್ಕಿಗೆ ಮರಳಿದವು. ಇದು ನಮ್ಮ ಮಿರಾಬೆಲ್. ಇಲ್ಲಿ ಜನಕ್ಕೆ ಆಯ್ಕೆಯಿತ್ತು, ಆದ್ದರಿಂದ ಅವರ ಮಾತು ನಡೆಯಿತು.

ಈಗ ಎರಡನೆಯ ವಿಮಾನ ನಿಲ್ದಾಣದ ಮಾತು ಎದ್ದಿದೆ. ಮೊದಲು ಹೇಳಿದ 25 ವರ್ಷಗಳ ನಿರ್ಬಂಧ 2033ಕ್ಕೆ ತೀರುವುದರಿಂದ ಸರ್ಕಾರ ಮುಂಚಿತವಾಗಿಯೇ ಜಾಗ ಹುಡುಕತೊಡಗಿದೆ. 2025ರಲ್ಲಿ ಕೇಂದ್ರದ ಅಧಿಕಾರಿಗಳಿಗೆ ತೋರಿಸಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯ ಕಡೆಯವು. ಮೂರನೆಯದು ನೆಲಮಂಗಲದಿಂದ ಕುಣಿಗಲ್ಲಿಗೆ ಹೋಗುವ ರಸ್ತೆಯ ಬದಿಯದು. ಈ ಮೂರನೆಯದರ ಸುದ್ದಿ ಬಂದಂದಿನಿಂದ ನಮ್ಮ ಬೀದಿಯ ಚಹಾದಂಗಡಿಯಲ್ಲಿ ನಿವೇಶನಗಳ ಬೆಲೆಯ ಮಾತೇ ಮಾತು. ದಾರಿಯ ಮಾತು ಎತ್ತುವವರು ಇಲ್ಲ. ಹಸಿರು ಮಾರ್ಗದ ಮೆಟ್ರೋ 2024ರ ನವೆಂಬರಿನಲ್ಲಿ ತುಮಕೂರು ರಸ್ತೆಯ ಮಾದಾವರದವರೆಗೆ ಬಂದು ನಿಂತಿದೆ. ಅಲ್ಲಿಂದ ಮುಂದಕ್ಕೆ ಕಂಬಿಯನ್ನು ಯಾರು, ಯಾವಾಗ, ಯಾರ ಹಣದಲ್ಲಿ ಹಾಕುತ್ತಾರೆಂಬುದನ್ನು ಓಡುಹಾದಿಯ ನಕ್ಷೆಯಲ್ಲಿಯೇ ಬರೆಯುತ್ತಾರೋ, ವಿಮಾನ ಇಳಿದ ಹನ್ನೆರಡು ವರ್ಷಗಳ ಮೇಲೆ ಬರೆಯುತ್ತಾರೋ, ಮಹಡಿಯ ಮೇಲಿನ ಅಕ್ಕನ ಮಗ ಆ ಹೊತ್ತಿಗೆ ನಮ್ಮ ಕಾಲೇಜಿಗೆ ಸೇರುವ ವಯಸ್ಸಿನವನಾಗಿರುತ್ತಾನೆ.